ಪಾರ್ಸಲ್ ಡಬ್ಬಿ ಬದಲಾದರೆ ಅಡುಗೆಮನೆಯೂ ಬದಲಾಗಬೇಕು

ಪ್ಲಾಸ್ಟಿಕ್ ನಿಷೇಧ ಜಾರಿಗೆ ಬರುವ ದಿನ ಹತ್ತಿರವಾದಂತೆ ಪಾರ್ಸಲ್ ವ್ಯಾಪಾರಿಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯವು: ಪ್ಲಾಸ್ಟಿಕ್ ಡಬ್ಬಿಯ ಬದಲಿಗೆ ಯಾವ ಡಬ್ಬಿ ತರಿಸಬೇಕು? ಯಾವ ಪದಾರ್ಥವನ್ನು ಎಷ್ಟು ಬಿಸಿಯಲ್ಲಿ ತುಂಬುತ್ತಾರೆ, ಅದನ್ನು ಎಷ್ಟು ಹೊತ್ತಿನ ಮೇಲೆ ತಿನ್ನುತ್ತಾರೆ ಎಂಬುದು ತಿಳಿಯದೆ ಆಹಾರ ಪ್ಯಾಕಿಂಗ್ ಸಲಹೆಗಾರನಾದ ನಾನು ಡಬ್ಬಿಯ ಹೆಸರು ಹೇಳಲಾರೆ.

ಹಳೆಯ ಡಬ್ಬಿಗಳು ಸದ್ದಿಲ್ಲದೆ ಹಲವು ಕೆಲಸ ಮಾಡುತ್ತಿದ್ದವು. ಥರ್ಮಾಕೋಲ್ ಬಿಸಿಯನ್ನು ಹಿಡಿದಿಡುತ್ತಿತ್ತು; ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಕುದಿಯುವ ದ್ರವವನ್ನೂ ಎಣ್ಣೆಯನ್ನೂ ತಡೆದುಕೊಳ್ಳುತ್ತಿತ್ತು. ಇವೆಲ್ಲವನ್ನೂ ಒಟ್ಟಿಗೆ ಮಾಡಬಲ್ಲ ಬದಲಿ ಸಾಮಗ್ರಿಯನ್ನು ನಾನಿನ್ನೂ ಕಂಡಿಲ್ಲ. ಪಿಷ್ಟ ಅಥವಾ ಸಕ್ಕರೆಯಿಂದ ತಯಾರಾಗುವ ಪಿಎಲ್‌ಎ ನೋಡಲು ಪ್ಲಾಸ್ಟಿಕ್‌ನಂತೆಯೇ ಇದ್ದರೂ, ಸಾಮಾನ್ಯ ಬಗೆಯದಾದರೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆದುವಾಗುತ್ತದೆ. ತಣ್ಣನೆಯ ಪದಾರ್ಥಕ್ಕೆ ಅದು ಒಪ್ಪುತ್ತದೆ. ಒಲೆಯಿಂದ ಇಳಿಸಿದ ಸೂಪಿಗೆ ಒಪ್ಪುವುದಿಲ್ಲ.

ಕಬ್ಬಿನ ಸಿಪ್ಪೆಯ ನಾರಿನಿಂದ ಅಚ್ಚು ಹಾಕಿದ ಡಬ್ಬಿ ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಅದರ ಕಷ್ಟವಿರುವುದು ಎಣ್ಣೆಯಲ್ಲಿ. ಎಣ್ಣೆ ಹೀರದಿರಲೆಂದು ಬಹುಕಾಲ ಪಿಎಫ್‌ಎಎಸ್ ಎಂಬ ರಾಸಾಯನಿಕಗಳನ್ನು ಸೇರಿಸಲಾಗುತ್ತಿತ್ತು. ಇವು ಪರಿಸರದಲ್ಲಿ ವಿಘಟನೆಯಾಗದೆ ಉಳಿಯುವುದರಿಂದ ಈಗ ಅವಕ್ಕೂ ಕಡಿವಾಣ ಬೀಳುತ್ತಿದೆ. ಐರೋಪ್ಯ ಒಕ್ಕೂಟದ ಪ್ಯಾಕೇಜಿಂಗ್ ನಿಯಮವು ಆಹಾರದ ಪ್ಯಾಕಿಂಗ್‌ನಲ್ಲಿ ಅವುಗಳಿಗೆ ವಿಧಿಸಿರುವ ಮಿತಿ 2026ರ ಆಗಸ್ಟ್ 12ರಿಂದ ಅನ್ವಯವಾಗುತ್ತದೆ. ಹಾಗಾಗಿ ಪೂರೈಕೆದಾರರಿಂದ ಪಿಎಫ್‌ಎಎಸ್ ಇಲ್ಲವೆಂಬ ಲಿಖಿತ ದೃಢೀಕರಣವನ್ನು, ಪರೀಕ್ಷೆ ನಡೆಸಿದ ಉಷ್ಣತೆ ಮತ್ತು ಅವಧಿಯ ಸಮೇತ ಪಡೆಯಿರಿ.

ಕಾಗದದ ಡಬ್ಬಿ ಎಂದೊಡನೆ ಕಾನೂನಿನ ತೊಡಕು ತಪ್ಪಿತೆಂದು ನಂಬುವವರು ಬಹಳ. ಒಳಮೈಯನ್ನು ಉಗುರಿನಿಂದ ಕೆರೆದರೆ ತೆಳುವಾದ ಪೊರೆ ಏಳುವುದು ಕಂಡೀತು. ಅದು ಸಾಮಾನ್ಯವಾಗಿ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಐರೋಪ್ಯ ಒಕ್ಕೂಟದ 2019ರ ನಿರ್ದೇಶನ ಥರ್ಮಾಕೋಲ್ ಡಬ್ಬಿಗಳನ್ನು 2021ರ ಜುಲೈ 3ರಿಂದ ಮಾರುಕಟ್ಟೆಯಿಂದ ಹೊರಗಿಟ್ಟಿತು. ಇಂಥ ಪೊರೆಯಿರುವ ಕಾಗದದ ಡಬ್ಬಿಯನ್ನು ನಿಷೇಧಿಸದಿದ್ದರೂ ಪ್ಲಾಸ್ಟಿಕ್ ಎಂದೇ ಎಣಿಸಿ, ಬಳಕೆ ತಗ್ಗಿಸಬೇಕಾದ ವಸ್ತುಗಳ ಸಾಲಿಗೆ ಸೇರಿಸಿತು. ನಿಮ್ಮಲ್ಲಿನ ಕಾನೂನು ಪ್ಲಾಸ್ಟಿಕ್ ಎಂದು ಯಾವುದನ್ನು ಕರೆಯುತ್ತದೆ ಎಂಬುದನ್ನು ಮೊದಲು ಓದಿಕೊಳ್ಳಿ.

ಸಗಟು ಖರೀದಿಗೆ ಮುನ್ನ ನಾನು ಮಾಡಿಸುವ ಪರೀಕ್ಷೆಗೆ ಒಂದು ತಕ್ಕಡಿ ಸಾಕು. ಖಾಲಿ ಡಬ್ಬಿಯನ್ನು ತೂಗಿ, ನಿಮ್ಮದೇ ಅಡುಗೆಯನ್ನು ನಿತ್ಯದ ಬಿಸಿಯಲ್ಲೇ ತುಂಬಿ, ಮುಚ್ಚಳ ಹಾಕಿ, ಗ್ರಾಹಕರ ಕೈಗೆ ತಲುಪಲು ಹಿಡಿಯುವ ಸಮಯಕ್ಕಿಂತ ಅರ್ಧ ಗಂಟೆ ಹೆಚ್ಚು ಹೊತ್ತು ಕಾಗದದ ಮೇಲಿಡಿ. ಕಾಗದದಲ್ಲಿ ಜಿಡ್ಡಿನ ಕಲೆ ಮೂಡಿದೆಯೇ, ಎತ್ತಿದಾಗ ತಳ ಬಾಗುತ್ತದೆಯೇ ನೋಡಿ. ಬಳಿಕ ಆಹಾರವನ್ನು ತೆಗೆದು, ಒಳಗೆ ಅಂಟಿದ್ದನ್ನು ಒರೆಸಿ ಮತ್ತೆ ತೂಗಿದರೆ ಡಬ್ಬಿ ಎಷ್ಟು ಹೀರಿತೆಂಬುದು ಅಂಕಿಯಲ್ಲೇ ಸಿಗುತ್ತದೆ. ಒಮ್ಮೆ ಹೀಗೆ ನೋಡಿದಾಗ ಡಬ್ಬಿ ಗಟ್ಟಿಯಾಗಿಯೇ ಇತ್ತು, ಆದರೆ ಮುಚ್ಚಳದ ಒಳಗೆ ಕಟ್ಟಿದ ಹಬೆಯ ಹನಿಗಳು ಕೆಳಗಿಳಿದು ಕರಿದ ತಿನಿಸನ್ನೆಲ್ಲ ಮೆತ್ತಗಾಗಿಸಿದ್ದವು. ಆ ಅಡುಗೆಮನೆಯವರು ಡಬ್ಬಿಯನ್ನು ಬದಲಿಸಲಿಲ್ಲ. ಕರಿದದ್ದನ್ನು ಜಾಲರಿಯ ಮೇಲೆ ಎರಡು ನಿಮಿಷ ಆರಿಸಿ ತುಂಬತೊಡಗಿದರು, ಸಾರನ್ನು ಬೇರೆ ಲೋಟಕ್ಕೆ ಹಾಕಿದರು.

ಖರ್ಚಿನ ವಿಚಾರದಲ್ಲಿ ಡಬ್ಬಿಯ ಬೆಲೆಯಷ್ಟನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ. ನಾರಿನ ಡಬ್ಬಿಗಳಿಗೆ ಹೆಚ್ಚು ಜಾಗ ಬೇಕು, ತೇವವಿರುವ ಕೋಣೆಯಲ್ಲಿ ಅವು ಗಟ್ಟಿತನ ಕಳೆದುಕೊಳ್ಳುತ್ತವೆ. ದೊಡ್ಡ ಸಂಸ್ಥೆಗಳು ಸಗಟಾಗಿ ಕೊಂಡು ಇದನ್ನು ನಿಭಾಯಿಸುತ್ತವೆ. ಒಂದೇ ಕೋಣೆಯಲ್ಲಿ ವ್ಯಾಪಾರ ನಡೆಸುವವರಿಗೆ ಆ ಅವಕಾಶವಿಲ್ಲ. ನಿಷೇಧವನ್ನು ಮನಸಾರೆ ಬೆಂಬಲಿಸುವ ನಾನು, ಅವರಿಗೆ ಹೆಚ್ಚಿನ ಕಾಲಾವಕಾಶ ಕೊಡಲೇಬೇಕೆಂದು ವಾದಿಸುತ್ತ ಬಂದಿದ್ದೇನೆ.

ಹೆಚ್ಚು ದುಡ್ಡು ತೆತ್ತು ಕೊಳ್ಳುವ ಗೊಬ್ಬರವಾಗಬಲ್ಲ ಡಬ್ಬಿಗಳ ಪೈಕಿ ಹಲವು, 58 ಡಿಗ್ರಿಯಷ್ಟು ಕಾವಿರುವ ಔದ್ಯಮಿಕ ಗೊಬ್ಬರ ಘಟಕದಲ್ಲಿ ಕೊಳೆಯುವಂತೆ ಪರೀಕ್ಷಿಸಲ್ಪಟ್ಟಿರುತ್ತವೆ. ಅಂಥ ಘಟಕಕ್ಕೆ ನಿಮ್ಮ ಊರಿನ ಕಸ ಹೋಗುತ್ತದೆಯೇ ಎಂದು ವಿಚಾರಿಸಿ. ಹೋಗದಿದ್ದರೆ ಆ ಹಣವನ್ನು ಗ್ರಾಹಕರು ತರುವ ಪಾತ್ರೆಗೆ ತುಂಬಿಕೊಡುವ ವ್ಯವಸ್ಥೆಗೆ ವಿನಿಯೋಗಿಸಿ: ಹೊರಗಿನ ಪಾತ್ರೆ ಅಡುಗೆಯ ಮೇಜನ್ನು ಮುಟ್ಟದಂತೆ ಪ್ರತ್ಯೇಕ ತಟ್ಟೆ, ಪಾತ್ರೆಯ ಅಂಚಿಗೆ ತಾಗದಂತೆ ಬಡಿಸಲು ಉದ್ದ ಹಿಡಿಯ ಸೌಟು, ಪಾತ್ರೆಯ ತೂಕ ಕಳೆದು ತೋರಿಸುವ ತಕ್ಕಡಿ.