27 ಕೋಟಿ ಕೊಟ್ಟರೆ ಓನರ್‌ಗೆ ಲುಕ್ಸಾನ ಆಗೂದಿಲ್ಲೇನ್ರೀ?

ಐಪಿಎಲ್ ಹರಾಜು ಮುಗಿದಾಗಲೆಲ್ಲ ಹುಬ್ಬಳ್ಳಿ-ಧಾರವಾಡದ ಓದುಗರು ಕೇಳುವ ಪ್ರಶ್ನೆ ಇದು. 2024ರಲ್ಲಿ ಲಕ್ನೋ ತಂಡ ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟ ಮೇಲಂತೂ ಜಾಸ್ತಿಯಾಗಿದೆ. "ಸರ, ಒಬ್ಬನಿಗೆ ಇಷ್ಟು ಕೊಟ್ರ ಟೀಮಿನವ್ರಿಗೆ ಏನು ಉಳಿತೈತಿ? ಟಿಕೆಟ್ ಮಾರಿ ಅಷ್ಟು ರೊಕ್ಕ ಬರತೈತೇನು?"

ಬರುವುದಿಲ್ಲ. ಟಿಕೆಟ್ ಲೆಕ್ಕವನ್ನು ಮೊದಲು ತಲೆಯಿಂದ ತೆಗೆದುಹಾಕಿ. ಗೇಟಿನಲ್ಲಿ ಒಂದಿಷ್ಟು ಬರುತ್ತದೆ ನಿಜ, ಆದರೆ ದೊಡ್ಡ ರೊಕ್ಕ ಬರುವುದು ನಿಮ್ಮ ಟಿವಿ, ಮೊಬೈಲ್‌ನಿಂದ. 2023ರಿಂದ 2027ರವರೆಗೆ ಮ್ಯಾಚ್ ತೋರಿಸುವ ಹಕ್ಕನ್ನು ಬಿಸಿಸಿಐ 48,390 ಕೋಟಿಗೆ ಮಾರಿದೆ. ಅದರ ಹಿಂದಿನ ಐದು ವರ್ಷಕ್ಕೆ ಇದೇ ಹಕ್ಕು 16,347 ಕೋಟಿಗೆ ಹೋಗಿತ್ತು. ಈಗ ಒಂದು ಮ್ಯಾಚ್‌ಗೆ ಸುಮಾರು 118 ಕೋಟಿ ಬೀಳುತ್ತದೆ. 240 ಎಸೆತಕ್ಕೆ ಹಂಚಿದರೆ ಬಾಲಿಗೆ 49 ಲಕ್ಷ. ರನ್ ಬಾರದ ಡಾಟ್ ಬಾಲ್‌ಗೂ ಅಷ್ಟೇ.

ಈ ರೊಕ್ಕ ವಾಪಸ್ ಹುಟ್ಟುವುದು ಹೇಗೆ ಅಂತ ನೋಡಬೇಕಾ? ಮುಂದಿನ ಸಲ ಸ್ಟ್ರಾಟೆಜಿಕ್ ಟೈಮ್‌ಔಟ್ ಬಂದಾಗ ಗಡಿಯಾರ ನೋಡಿ. ಎರಡೂವರೆ ನಿಮಿಷ, ಒಂದು ಇನಿಂಗ್ಸ್‌ಗೆ ಎರಡು ಸಲ. ಕೋಚ್ ಒಳಗೆ ಓಡಿ ಬಂದು ಕ್ಯಾಪ್ಟನ್ ಹೆಗಲ ಮೇಲೆ ಕೈ ಹಾಕಿ ಏನೋ ಹೇಳುತ್ತಿರುತ್ತಾರೆ, ನಿಮಗೆ ಮಾತ್ರ ಅದು ಕಾಣಿಸುವುದೇ ಇಲ್ಲ, ಯಾಕಂದ್ರೆ ಅಷ್ಟರಲ್ಲಿ ಜಾಹೀರಾತಿನ ಮೆರವಣಿಗೆ ಶುರುವಾಗಿರುತ್ತದೆ.

ಈಗ ಓನರ್ ಲೆಕ್ಕಕ್ಕೆ ಬರೋಣ. ಹಕ್ಕಿನ ಹಣದಲ್ಲಿ ಸುಮಾರು ಅರ್ಧ ಹತ್ತು ತಂಡಗಳಿಗೆ ಹೋಗುತ್ತದೆ, ಅಂದ್ರೆ ತಂಡಕ್ಕೆ ವರ್ಷಕ್ಕೆ 400 ಕೋಟಿ ಮೇಲೆ. 2025ರಲ್ಲಿ ಆಟಗಾರರಿಗೆ ಖರ್ಚು ಮಾಡಲು ಇದ್ದ ಮಿತಿ, ಮ್ಯಾಚ್ ಫೀ ಎಲ್ಲಾ ಸೇರಿಸಿ, 146 ಕೋಟಿ. ಮೊದಲ ಬಾಲ್ ಬೀಳುವ ಮುಂಚೆಯೇ ಆಟಗಾರರ ಸಂಬಳ ಹುಟ್ಟಿಬಿಟ್ಟಿರುತ್ತದೆ! 2008ರಲ್ಲಿ ಆರ್‌ಸಿಬಿ ಮಾರಾಟವಾದದ್ದು 11.16 ಕೋಟಿ ಡಾಲರಿಗೆ, ಆಗಿನ ಲೆಕ್ಕದಲ್ಲಿ 450 ಕೋಟಿ ರೂಪಾಯಿ ಆಸುಪಾಸು. 2021ರಲ್ಲಿ ಲಕ್ನೋ ತಂಡ ಹೋದದ್ದು 7,090 ಕೋಟಿಗೆ. ಲುಕ್ಸಾನದ ಧಂದೆಯಾಗಿದ್ದರೆ ಯಾರು ಕೊಡುತ್ತಿದ್ದರು ಹೇಳಿ?

ಹಂಗಾಗಿ ನನ್ನ ಪ್ರಕಾರ ಪ್ರಶ್ನೆಯೇ ಉಲ್ಟಾ ಆಗಬೇಕು. ಹತ್ತೂ ತಂಡಗಳ ಆಟಗಾರರ ಖರ್ಚಿನ ಮಿತಿ ಕೂಡಿಸಿದರೆ 1,460 ಕೋಟಿ, ಹಕ್ಕಿನ ವರ್ಷದ ಹಣ 9,600 ಕೋಟಿಗೂ ಜಾಸ್ತಿ. ಆಡುವವರಿಗೆ ಸಿಗುವುದು ಅದರ ಶೇ 15ರಷ್ಟು ಮಾತ್ರ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆದಾಯದ ಹತ್ತಿರ ಹತ್ತಿರ ಅರ್ಧ ಆಟಗಾರರಿಗೇ ಹೋಗುತ್ತದೆ. 27 ಕೋಟಿ ನೋಡಿ ನಾವು ಹುಬ್ಬೇರಿಸುತ್ತೇವೆ, ಓನರ್ ಒಳಗೊಳಗೇ ನಗುತ್ತಿರಬಹುದು.

ಐಪಿಎಲ್ ಎರಡು ತಿಂಗಳಲ್ಲಿ ಮುಗಿಯುತ್ತದೆ. ಮಿಕ್ಕ ಹತ್ತು ತಿಂಗಳು ಕೋಚ್, ಜೆರ್ಸಿ, ಹೆಸರು ಎಲ್ಲಾ ಸುಮ್ನೆ ಬಿದ್ದಿರಬೇಕಾ? ಅದಕ್ಕೇ ಇದೇ ಓನರ್‌ಗಳು ಹೊರಗೂ ತಂಡ ಕೊಂಡರು. 2023ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಎಸ್‌ಎ20 ಅನ್ನುವ ಟಿ20 ಲೀಗ್ ಶುರುವಾದಾಗ ಆರಕ್ಕೆ ಆರೂ ತಂಡ ಐಪಿಎಲ್ ಮಾಲೀಕರದ್ದೇ. ಕೇಪ್‌ಟೌನ್‌ಗೆ ಮುಂಬೈ ಇಂಡಿಯನ್ಸ್ ಹೆಸರು, ಜೊಹಾನ್ಸ್‌ಬರ್ಗ್‌ಗೆ ಸೂಪರ್ ಕಿಂಗ್ಸ್. ಮರುವರ್ಷ ಅದೇ ಲೀಗ್ ಹೊತ್ತಿಗೇ ದಕ್ಷಿಣ ಆಫ್ರಿಕಾ ತಂಡಕ್ಕೆ ನ್ಯೂಜಿಲೆಂಡ್‌ನಲ್ಲಿ ಟೆಸ್ಟ್ ಸರಣಿ ಬಂತು. ಮುಖ್ಯ ಆಟಗಾರರು ಲೀಗ್‌ನಲ್ಲಿ ಉಳಿದರು, ಅದುವರೆಗೆ ಒಂದೂ ಟೆಸ್ಟ್ ಆಡದ ನೀಲ್ ಬ್ರಾಂಡ್ ಕ್ಯಾಪ್ಟನ್ ಆಗಿ ಹೋದರು. 2025ರಲ್ಲಿ ನಿಕೋಲಸ್ ಪೂರನ್ 29ನೇ ವಯಸ್ಸಿಗೇ ವೆಸ್ಟ್ ಇಂಡೀಸ್‌ಗೆ ಆಡುವುದು ಬಿಟ್ಟರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಬೋರ್ಡ್ ಕೊಡುವ ಸಂಬಳಕ್ಕೂ ಲೀಗ್ ಸಂಬಳಕ್ಕೂ ಅಜಗಜಾಂತರ ಇರುವಾಗ ನಾವಾದರೂ ಏನು ಮಾಡುತ್ತಿದ್ದೆವು?

ನಮ್ಮ ಹುಡುಗರಿಗೆ ಆ ದಾರಿಯೂ ಇಲ್ಲ. ನಿವೃತ್ತಿ ಆಗುವವರೆಗೆ ಭಾರತದ ಪುರುಷ ಆಟಗಾರರು ಹೊರಗಿನ ಲೀಗ್ ಆಡಲು ಬಿಸಿಸಿಐ ಬಿಡುವುದಿಲ್ಲ. ಗದಗಿನ ಸುನಿಲ್ ಜೋಶಿ ಬಾಂಗ್ಲಾದೇಶದ ತಂಡದ ಜೊತೆ ಕೆಲಸ ಮಾಡಿದ್ದು ಆಟ ಬಿಟ್ಟು ಕೋಚ್ ಆದ ಮೇಲೆಯೇ. ಹೀಗಾಗಿ ಗದಗ, ಹಾವೇರಿ ಹುಡುಗನಿಗೆ ಇರುವುದು ಒಂದೇ ಸಂತೆ. ರಣಜಿ ಅನುಭವಿಗೆ ದಿನಕ್ಕೆ 60,000 ರೂಪಾಯಿ, ನಾಲ್ಕು ದಿನಕ್ಕೆ 2.4 ಲಕ್ಷ. ಐಪಿಎಲ್‌ನಲ್ಲಿ ಒಂದು ಸಂಜೆ ಆಡಿದರೆ ಮ್ಯಾಚ್ ಫೀಯೇ 7.5 ಲಕ್ಷ. ಹುಡುಗ ನೆಟ್ಸ್‌ನಲ್ಲಿ ಸಿಕ್ಸರ್ ಮಾತ್ರ ಕಲಿಯುತ್ತಾನೆ ಅಂತ ಅಪ್ಪಂದಿರು ಬೇಜಾರಾಗುತ್ತಾರೆ. ಹುಡುಗನ ಲೆಕ್ಕ ಪಕ್ಕಾ ಇದೆ.

ಕರ್ನಾಟಕದ ಟಿ20 ಲೀಗ್ ಮಹಾರಾಜ ಟ್ರೋಫಿ ಇರುವುದೂ ಐಪಿಎಲ್ ತಂಡಗಳ ಕಣ್ಣಿಗೆ ಬೀಳಲಿ ಅಂತಲೇ. 2023ರಲ್ಲಿ ಹುಬ್ಬಳ್ಳಿ ಟೈಗರ್ಸ್ ಕಪ್ ಗೆದ್ದಾಗ ಊರಲ್ಲಿ ಖುಷಿಯೋ ಖುಷಿ. ಆದರೆ ಪಂದ್ಯ ನಡೆದದ್ದು ಬೆಂಗಳೂರಿನಲ್ಲಿ. ಹಿಂದೆ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಇದ್ದಾಗ ನಮ್ಮ ರಾಜನಗರ ಸ್ಟೇಡಿಯಂನಲ್ಲೇ ಮ್ಯಾಚ್ ಆಗುತ್ತಿದ್ದವು. ಈಗ ಯಾಕಿಲ್ಲ ಅಂತ ಕೇಳುವವರಿಗೂ ಉತ್ತರ ಮೇಲಿನದ್ದೇ: ರೊಕ್ಕ ಪರದೆಯಿಂದ ಬರುವಾಗ ಹುಬ್ಬಳ್ಳಿ ಹೆಸರಿನ ತಂಡ ಹುಬ್ಬಳ್ಳಿಯಲ್ಲೇ ಆಡಬೇಕು ಅಂತೇನೂ ಇಲ್ಲ.