ಕೆಮ್ಮು ನಿಂತಿತು ಅಂತ ಮತ್ತೆ ನಾಲ್ಕಕ್ಕೇ ಓಡಬೇಡಿ

ಏಪ್ರಿಲ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಒಂದು ಬಗೆಯ ಹುಡುಗರು ಬರುತ್ತಾರೆ. ಗಟ್ಟಿಮುಟ್ಟು ಮೈ, ಬೀಡಿ ಸಿಗರೇಟು ಇಲ್ಲ, ಪೊಲೀಸ್ ಭರ್ತಿಗೆ 1600 ಮೀಟರ್ ಓಟದ ತಯಾರಿ. ಕಲಬುರಗಿ ಬಿಸಿಲಲ್ಲಿ ಸಂಜೆ ನಾಲ್ಕಕ್ಕೇ ಗ್ರೌಂಡಿಗೆ ಇಳಿದಿರುತ್ತಾರೆ. ಪೂರ್ತಿ ಉಸಿರು ಎಳೆದರೆ ಎದೆ ಹಿಡಿಯುತ್ತದೆ, ಒಣ ಕೆಮ್ಮು. ಎಕ್ಸ್‌ರೇ ನಾರ್ಮಲ್. ಓಝೋನ್ ಇರಬಹುದು, ಮುಂಜಾನೆ ಓಡು ಅಂದರೆ ತಲೆ ಅಲ್ಲಾಡಿಸಿ ಹೋಗುತ್ತಾರೆ. ವಾರ ಬಿಟ್ಟು ಬಂದು, 'ಈಗ ಏನೂ ಇಲ್ರಿ ಸರ, ರೂಢಿ ಆಗ್ಯಾದ' ಅಂತಾರೆ.

ಸಿಟ್ಟು ಬರುವುದು ಇಲ್ಲೇ.

ವಾಹನದ ಹೊಗೆ, ಕಸ ಸುಟ್ಟ ಹೊಗೆ ಸುಡುಬಿಸಿಲಿಗೆ ಸಿಕ್ಕಾಗ ನೆಲದ ಹತ್ತಿರವೇ ಓಝೋನ್ ಹುಟ್ಟುತ್ತದೆ. ಮಧ್ಯಾಹ್ನದಿಂದ ಸಂಜೆವರೆಗೆ ಅದರ ಜೋರು. ನೀರಲ್ಲಿ ಸುಲಭಕ್ಕೆ ಕರಗದ ಅನಿಲ ಅದು, ಹಾಗಾಗಿ ಮೂಗು ಗಂಟಲು ದಾಟಿ ಒಳಗಿನ ಸಣ್ಣ ಕೊಳವೆಗಳವರೆಗೂ ಹೋಗುತ್ತದೆ. ಓಡುವಾಗ ಬಾಯಲ್ಲಿ ಉಸಿರಾಡುತ್ತೀರಿ, ಇನ್ನೂ ಜಾಸ್ತಿ ಹೋಗುತ್ತದೆ. ಅಲ್ಲಿನ ನರಗಳು ಕೆರಳಿ, ಉಸಿರು ಪೂರ್ತಿ ತುಂಬುವ ಮೊದಲೇ ಮೈ ತಾನಾಗಿ ತಡೆಯುತ್ತದೆ. ಊದಿಸಿ ನೋಡುವ ಪರೀಕ್ಷೆಯಲ್ಲಿ ಅಂಕಿ ಇಳಿಯುವುದು ಇದರಿಂದಲೇ. ಸಾಮಾನ್ಯವಾಗಿ ಒಂದು ದಿನದಲ್ಲಿ ಅದು ಸರಿಹೋಗುತ್ತದೆ, ಆದರೆ ಕೊಳವೆಯೊಳಗಿನ ಉರಿಯೂತ ಅದಕ್ಕಿಂತ ಹೆಚ್ಚು ಹೊತ್ತು ಉಳಿಯಬಹುದು.

ಈಗ ರೂಢಿಯ ವಿಷಯ. ಆರೋಗ್ಯವಂತರನ್ನೇ ಕೋಣೆಯಲ್ಲಿ ಕೂಡಿಸಿ ದಿನಾ ಓಝೋನ್ ಉಸಿರಾಡಿಸಿ ನೋಡಿದ್ದಾರೆ. ಎರಡನೇ ದಿನ ತೊಂದರೆ ಹೆಚ್ಚು, ನಾಲ್ಕೈದನೇ ದಿನಕ್ಕೆ ಕೆಮ್ಮೂ ಇಲ್ಲ, ಊದುವ ಅಂಕಿಯೂ ಸರಿ. ಆದರೆ ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಜೀವಕೋಶಕ್ಕೆ ಪೆಟ್ಟು ಬಿದ್ದ ಗುರುತು ಆಗಲೂ ಇತ್ತು. ರೊಟ್ಟಿ ಬಡಿಯುವ ಅವ್ವನ ಬೆರಳಿಗೆ ಹಂಚಿನ ಬಿಸಿ ತಿಳಿಯುವುದಿಲ್ಲ, ಹಾಗಂತ ಹಂಚು ತಣ್ಣಗಾಗಿರುತ್ತಾ? ಕೆಮ್ಮು ನಿಂತಿದ್ದನ್ನು ನಾನು ಅಷ್ಟೇ ನಂಬುತ್ತೇನೆ.

ಒಂದು ಬೇಸಿಗೆ ಓಡಿದರೆ ಶ್ವಾಸಕೋಶ ಕೆಟ್ಟೇಹೋಯ್ತು ಅಂತ ಸುಮ್ನೆ ಹೆದರಿಸುವವನಲ್ಲ ನಾನು. ಒಟ್ಟಿಗೆ ಓಡಿದ ಇಬ್ಬರಲ್ಲಿ ಒಬ್ಬನಿಗೆ ಏನೂ ಆಗದೇ ಇರಬಹುದು. ಆದರೆ ಮಾಸ್ಕ್ ಹಾಕ್ಕೊಂಡೀನಿ ಅನ್ನುವವರಿಗೆ ಒಂದು ಮಾತು: ಎನ್-95 ದೂಳು ತಡೆಯುತ್ತದೆ, ಓಝೋನ್ ತಡೆಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಒಂದೂವರೆಗೇ ಮುಗಿಯುತ್ತದಲ್ವಾ, ಊಟ ಮಾಡಿ ಒಂದು ನಿದ್ದೆ ತೆಗೆದು ನಾಲ್ಕಕ್ಕೆ ಮಾಸ್ಕ್ ಹಾಕಿ ವಾಕಿಂಗ್ ಹೊರಡುವ ಸಾಹೇಬರೂ ಇದ್ದಾರೆ. ಊರಾಚೆ ಹೋಗಿ ಓಡ್ತೀನಿ ಅಂದರೂ ಲಾಭವಿಲ್ಲ. ರಸ್ತೆ ಮೇಲಿನ ತಾಜಾ ಹೊಗೆಯ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ, ಹಾಗಾಗಿ ಎಷ್ಟೋ ಸಲ ಊರ ಹೊರಗೇ ಓಝೋನ್ ಜಾಸ್ತಿ.

ಮುಂಜಾನೆ ಆರಕ್ಕೆ ಓಡಿ, ಎಂಟಕ್ಕೆ ಮನೆ ಸೇರಿ. ಮಧ್ಯಾಹ್ನ ಕಿಟಕಿ ಮುಚ್ಚಿದರೆ ಒಳಗೆ ಓಝೋನ್ ಕಡಿಮೆ. ಮೊನ್ನೆ ಒಬ್ಬ ತಾಯಿ, 'ಅಂವ ಎಂಟರ ತನಕ ಏಳಂಗಿಲ್ರಿ, ನೀವೇ ಏನರ ಗುಳಿಗಿ ಕೊಡ್ರಿ' ಅಂದರು. ಅದಕ್ಕೆ ನನ್ನ ಹತ್ತಿರ ಗುಳಿಗೆ ಇಲ್ಲ.

ರಾತ್ರಿ ಕೆಮ್ಮು, ಎದೆಯಲ್ಲಿ ಸಿಳ್ಳೆ ಸದ್ದು, ವಿಶ್ರಾಂತಿಯಲ್ಲೂ ಎದೆನೋವು ಇದ್ದರೆ ಓಝೋನ್ ಅಂತ ನೀವೇ ತೀರ್ಮಾನಿಸಬೇಡಿ. ಅಸ್ತಮಾ ಇರಬಹುದು, ಹೃದಯದ್ದೂ ಇರಬಹುದು. ಬರುವಾಗ ಹಳೇ ಎಕ್ಸ್‌ರೇ ಜೊತೆಗೆ, ಎಷ್ಟು ಹೊತ್ತಿಗೆ ಓಡಿದಿರಿ, ಎದೆ ಹಿಡಿದದ್ದು ಯಾವಾಗ ಅನ್ನುವುದನ್ನೂ ಬರೆದುಕೊಂಡು ಬನ್ನಿ.