ಸೆಕೆಂಡಿಗೆ 20 ಫ್ರೇಮ್ ಇದ್ದರೆ ಬ್ಯಾಲೆ ಫೋಟೋ ಬರುತ್ತದಾ?

ಓದುಗರ ಪ್ರಶ್ನೆ: ಬ್ಯಾಲೆ ಕಲಿಯುತ್ತಿರುವ ಗೆಳತಿಯ ಫೋಟೋಗಳನ್ನು ತುಮಕೂರಿನ ಬೀದಿಗಳಲ್ಲೇ ತೆಗೆಯುತ್ತಿದ್ದೇನೆ. ಅವಳು ಹಾರಿದ ಕ್ಷಣ ಮಾತ್ರ ಸರಿಯಾಗಿ ಸಿಗುತ್ತಿಲ್ಲ. ನನ್ನ ಕ್ಯಾಮೆರಾ ಸೆಕೆಂಡಿಗೆ 5 ಫ್ರೇಮ್, ಅಂದರೆ 5 ಫೋಟೋ ಅಷ್ಟೇ. 20 ಫ್ರೇಮಿನದ್ದು ಕೊಳ್ಳಲಾ?

ಬೇಡ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮುಂದಿನ ವಾರ ಇದೇ ಪ್ರಶ್ನೆಯನ್ನು ಇನ್ನೊಬ್ಬರು ಕೇಳುತ್ತಾರೆ, ಅದು ನನಗೆ ಗೊತ್ತು. ಹಾಗಾಗಿ ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ಜಾಗ, ಬೆಳಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಗಡಿ ಬಾಗಿಲು ತೆರೆಯುವ ಮೊದಲಿನ ಅಶೋಕ ರಸ್ತೆ, ಅಮಾನಿಕೆರೆಯ ದಡ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್ ಮುಂದಿನ ಹಬೆ, ಇವೆಲ್ಲ ನಿಮಗೇ ಚೆನ್ನಾಗಿ ಗೊತ್ತು. ಶಟರ್ ವೇಗ 1/1000 ಸೆಕೆಂಡಿನಲ್ಲಿ ಇಡಿ. ಬೆಳಕು ಸಾಲದಿದ್ದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ, ಅಂದರೆ ಐಎಸ್‌ಒ ಏರಿಸಿ. ಚಿತ್ರದಲ್ಲಿ ಮರಳಿನಂಥ ಕಾಳು ಸ್ವಲ್ಪ ಬಂದರೂ ಪರವಾಗಿಲ್ಲ, ಪಾದ ಮಸುಕಾದರೆ ಫೋಟೋ ಹೋಯಿತು. ಕ್ಯಾಮೆರಾ ನಿಮ್ಮ ಮೊಣಕಾಲಿನ ಮಟ್ಟದಲ್ಲಿರಲಿ. ಆಗ ಪಾದದ ಕೆಳಗೆ ಗಾಳಿ ಕಾಣುತ್ತದೆ, ಹಾರಾಟ ಇದ್ದದ್ದಕ್ಕಿಂತ ಎತ್ತರ ಅನಿಸುತ್ತದೆ.

ಈಗ ನಿಮ್ಮ ಪ್ರಶ್ನೆಯ ಹಿಂದಿರುವ ಬರ್ಸ್ಟ್ ಮೋಡ್ (ಬಟನ್ ಒತ್ತಿ ಹಿಡಿದಷ್ಟು ಹೊತ್ತು ಒಂದರ ಹಿಂದೊಂದು ಫೋಟೋ ತೆಗೆಯುವುದು) ನಂಬಿಕೆಗೆ ಬರೋಣ. "ಬಟನ್ ಒತ್ತಿ ಹಿಡಿದರೆ ಸಾಕು, ಯಾವುದಾದರೂ ಒಂದು ಫ್ರೇಮಿನಲ್ಲಿ ಸಿಕ್ಕೇ ಸಿಗುತ್ತದೆ." ಇದನ್ನು ಹುಟ್ಟುಹಾಕಿದವರು ಯಾರೋ ತಿಳಿಯದು, ಕ್ಯಾಮೆರಾ ಮಾರುವವರಿಗಂತೂ ಇದರಿಂದ ನಷ್ಟವಿಲ್ಲ.

ನಿಮ್ಮ ಗೆಳತಿ 40 ಸೆಂ.ಮೀ. ಎತ್ತರ ಹಾರುತ್ತಾಳೆ ಅಂದುಕೊಳ್ಳಿ. ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗೆ ಸುಮಾರು 0.57 ಸೆಕೆಂಡ್. 20 ಫ್ರೇಮಿನ ಕ್ಯಾಮೆರಾ ಅಷ್ಟರಲ್ಲಿ 11 ಫೋಟೋ ತೆಗೆಯುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಪ್ರತಿ ಫೋಟೋಗೆ ಶಟರ್ ತೆರೆದಿರುವುದು ಸೆಕೆಂಡಿನ ಸಾವಿರದ ಒಂದು ಭಾಗ. ಅಂದರೆ ಪೂರ್ತಿ ಒಂದು ಸೆಕೆಂಡ್ ಒತ್ತಿ ಹಿಡಿದರೂ ದಾಖಲಾಗುವುದು 1000ದಲ್ಲಿ 20 ಭಾಗ. ಉಳಿದ 980 ಭಾಗ ಕ್ಯಾಮೆರಾಗೆ ಕಾಣಲೇ ಇಲ್ಲ. ಕಣ್ಣು ಮುಚ್ಚಿಕೊಂಡು ಮಾವಿನ ಮರಕ್ಕೆ ಕಲ್ಲು ಬೀಸಿದ ಹಾಗೆ. ಜಾಸ್ತಿ ಕಲ್ಲು ಬೀಸಿದರೆ ಒಂದೆರಡು ಕಾಯಿ ಬೀಳಬಹುದು, ಬೇಕಾದ ಕಾಯಿಯೇ ಬೀಳುತ್ತದೆ ಅಂತೇನಿಲ್ಲ.

"ಎರಡು ಫ್ರೇಮಿನ ನಡುವೆ ಅಂಥದ್ದೇನು ಆಗಿಬಿಡುತ್ತದೆ?" ಎಂದು ಕೇಳುತ್ತೀರಿ. 20 ಫ್ರೇಮಿನಲ್ಲಿ ಆ ಅಂತರ 0.05 ಸೆಕೆಂಡ್. ಕಾಲು ಚಾಚುವಾಗ ಪಾದ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋದರೆ, ಅಷ್ಟರಲ್ಲಿ 20 ಸೆಂ.ಮೀ. ಸರಿದಿರುತ್ತದೆ. ಒಂದು ಫ್ರೇಮಿನಲ್ಲಿ ಕಾಲು ಇನ್ನೂ ಪೂರ್ತಿ ತೆರೆದಿಲ್ಲ, ಮುಂದಿನದ್ದರಲ್ಲಿ ಮಡಚಲು ಶುರುವಾಗಿದೆ. ನಿಮಗೆ ಬೇಕಿದ್ದದ್ದು ಆ ಎರಡರ ನಡುವೆ ಎಲ್ಲೋ ಇತ್ತು.

ಇನ್ನೊಂದು ವಿಷಯ. ಹಾರಾಟದ ಅರ್ಧ ಸಮಯ ದೇಹ ಮೇಲಿನ ಕಾಲುಭಾಗ ಎತ್ತರದಲ್ಲೇ ಇರುತ್ತದೆ. ಇದು ಗುರುತ್ವದ ಲೆಕ್ಕ, ಯಾರು ಹಾರಿದರೂ ಇಷ್ಟೇ. ನಮ್ಮ 40 ಸೆಂ.ಮೀ. ಹಾರಾಟದಲ್ಲಿ ಮೇಲಿನ 10 ಸೆಂ.ಮೀ.ಯಲ್ಲಿ ಕಾಲು ಸೆಕೆಂಡಿಗಿಂತ ಜಾಸ್ತಿ ಹೊತ್ತು ಸಿಗುತ್ತದೆ. ಹಾಗಾಗಿ ದೇಹವನ್ನು ಗಾಳಿಯಲ್ಲಿ ಹಿಡಿಯುವುದು ಕಷ್ಟವೇ ಅಲ್ಲ, ನಿಮ್ಮ 5 ಫ್ರೇಮಿನ ಕ್ಯಾಮೆರಾಗೂ ಅದು ಸಿಕ್ಕಿರುತ್ತದೆ. ಕಷ್ಟವಿರುವುದು ಮೊಣಕಾಲು ನೇರವಾಗಿ, ಬೆರಳು ಚಾಚಿ, ಕೈ ಹಗುರವಾಗಿ, ಮುಖ ಬಿಗಿಯದೆ ಎಲ್ಲ ಒಟ್ಟಿಗೆ ಕೂಡುವ ಕ್ಷಣದಲ್ಲಿ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲುವುದಿಲ್ಲ.

ಅದನ್ನು ನೋಡಿ ಒತ್ತಲು ಹೋದರೆ ತಡವಾಯಿತು ಅಂತಲೇ ಲೆಕ್ಕ. ಕಣ್ಣು ಕಂಡದ್ದಕ್ಕೆ ಬೆರಳು ಓಗೊಡಲು ಸೆಕೆಂಡಿನ ಐದನೇ ಒಂದು ಭಾಗದಷ್ಟಾದರೂ ಬೇಕು. ಅಷ್ಟರಲ್ಲಿ ಅವಳು ಇಳಿಯುವ ಹಾದಿ ಅರ್ಧ ದಾಟಿರುತ್ತಾಳೆ.

ಹಾಗಾದರೆ ಏನು ಮಾಡಬೇಕು? ಎಣಿಸಬೇಕು. ಬ್ಯಾಲೆಯವರು ಎಂಟರ ಎಣಿಕೆಯಲ್ಲೇ ಬೆಳೆದವರು. ಗ್ರ್ಯಾಂಡ್ ಜೆತೆ ಅನ್ನುವ ಆ ದೊಡ್ಡ ಹಾರಿಕೆ ಸುಮ್ನೆ ಬರುವುದಿಲ್ಲ. ಮೊದಲು ಓಟದ ಹೆಜ್ಜೆ, ಆಮೇಲೆ ಮೊಣಕಾಲು ಮಡಚುವ ಪ್ಲಿಯೆ, ಆಮೇಲೆ ನೆಲ ಬಿಡುವುದು. ಅವಳಿಗೆ ಗಟ್ಟಿಯಾಗಿ ಎಣಿಸಲು ಹೇಳಿ. ಮೊದಲು ಕ್ಯಾಮೆರಾ ಕೆಳಗಿಟ್ಟು ಬರೀ ನೋಡಿ, ಜೊತೆಗೆ ನೀವೂ ಎಣಿಸಿ. ಯಾವ ಎಣಿಕೆಗೆ ನೆಲ ಬಿಡುತ್ತಾಳೆ ಎಂದು ಮೈಗೆ ಹತ್ತಿದ ಮೇಲೆ ಕ್ಯಾಮೆರಾ ಎತ್ತಿ, ನೆಲ ಬಿಡುವಾಗಲೇ ಒತ್ತಲು ಹೊರಡಿ, ಬೆರಳು ಓಗೊಡುವಷ್ಟರಲ್ಲಿ ಅವಳು ಮೇಲೆ ತಲುಪಿರುತ್ತಾಳೆ. ಒಂದೇ ಸಲ. ಭರತನಾಟ್ಯ ಕಲಿತವರ ಮನೆಯಲ್ಲಿ ಬೆಳೆದವರಿಗೆ ಇದು ಬೇಗ ಒಲಿಯುತ್ತದೆ. "ತೈಯಾ ತೈ" ಜೊತೆ ತಟ್ಟುಮಣೆಯ ಮೇಲೆ ಕೋಲು ಬೀಳುವುದನ್ನು ವರ್ಷಗಟ್ಟಲೆ ಕೇಳಿದ ಕಿವಿ ಅದು.

1932ರಲ್ಲಿ ಫ್ರೆಂಚ್ ಫೋಟೋಗ್ರಾಫರ್ ಆಂರಿ ಕಾರ್ಟಿಯೆ ಬ್ರೆಸೋ ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂದೆ, ಬೇಲಿಯ ಸಂದಿಯಿಂದ, ನಿಂತ ನೀರಿನ ಮೇಲೆ ಹಾರುವವನ ಫೋಟೋ ತೆಗೆದರು. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ನೃತ್ಯಗಾರ್ತಿಯೊಬ್ಬಳು ಅದೇ ಭಂಗಿಯಲ್ಲಿ ಹಾರುತ್ತಿದ್ದಾಳೆ. ಅವರ ಕೈಯಲ್ಲಿದ್ದದ್ದು ಪ್ರತಿ ಫೋಟೋಗೂ ಫಿಲ್ಮನ್ನು ಕೈಯಿಂದಲೇ ತಿರುಗಿಸಬೇಕಾದ ಲೈಕಾ. ಬರ್ಸ್ಟ್ ಮೋಡ್ ಬೇಕಂತೆ ಬರ್ಸ್ಟ್ ಮೋಡ್!

ಆಮೇಲೆ, ಚೆನ್ನಾಗಿ ಬಂದಿದೆ ಎಂದು ನೀವೊಬ್ಬರೇ ತೀರ್ಮಾನಿಸಬೇಡಿ. ಅವಳಿಗೆ ತೋರಿಸಿ. ನೀವು ಕುಣಿದಾಡುವ ಫೋಟೋವನ್ನು ಅವಳು "ಹಿಂದಿನ ಮೊಣಕಾಲು ಬಗ್ಗಿದೆ" ಎಂದು ಎಸೆಯುತ್ತಾಳೆ. ಅವಳು ಹೇಳಿದ್ದೇ ಸರಿ.

ಇಷ್ಟು ಕೇಳುವವರು ನೆಲದ ಬಗ್ಗೆ ಮಾತ್ರ ಯಾಕೆ ಕೇಳುವುದಿಲ್ಲ? ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ಬ್ಯಾಲೆ ಅಭ್ಯಾಸದ ನೆಲ ಮರದ್ದು, ಕೆಳಗೆ ಟೊಳ್ಳು ಬಿಟ್ಟು ಕಟ್ಟಿದ್ದು. ಹಾರಿ ಇಳಿದಾಗ ಅದು ಸ್ವಲ್ಪ ಬಾಗಿ ಪೆಟ್ಟು ತಡೆಯುತ್ತದೆ. ನಮ್ಮ ಫುಟ್‌ಪಾತಿನ ಸಿಮೆಂಟ್ ಆಗಲಿ, ದೇವರಾಯನದುರ್ಗದ ಬಂಡೆಯಾಗಲಿ ಕೂದಲೆಳೆಯಷ್ಟೂ ಬಾಗುವುದಿಲ್ಲ. ಆ ಪೆಟ್ಟೆಲ್ಲ ಹಿಮ್ಮಡಿ, ಮೊಣಕಾಲು, ಸೊಂಟಕ್ಕೇ ಹೋಗುತ್ತದೆ. "ಇನ್ನೊಂದೇ ಸಲ, ಇನ್ನೊಂದೇ ಸಲ" ಎಂದು ಒತ್ತಿ ಹಿಡಿದು ಕೂತವರಿಗೆ ಇದು ಹೊಳೆಯುವುದೇ ಇಲ್ಲ.

ತುದಿಗಾಲಿನ ಮೇಲೆ ನಿಲ್ಲಲು ಬ್ಯಾಲೆಯವರು ಹಾಕುವ ಪಾಯಿಂಟ್ ಶೂ ಕಥೆಯೂ ಹಾಗೇ. ಅದರ ತುದಿ ಮರವಲ್ಲ, ಕಬ್ಬಿಣವೂ ಅಲ್ಲ. ಬಟ್ಟೆ, ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿದ್ದು. ನೀರು ಸೋಕಿದರೆ ಮೆತ್ತಗಾಗುತ್ತದೆ. ಅಮಾನಿಕೆರೆಯ ದಡದಲ್ಲಿ ಇಬ್ಬನಿ ಬಿದ್ದ ಹುಲ್ಲು ನಿಮಗೆ ಚೆಂದ, ಶೂಗೆ ಅಲ್ಲ. ಡಾಂಬರಿನ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಶೂ ಮೇಲಿನ ಸ್ಯಾಟಿನ್ ಬಟ್ಟೆ ಹರಿಯುತ್ತದೆ. ಅದಕ್ಕೇ ಕೆಲವರು ಸವೆದ ಹಳೇ ಜೋಡಿ ತರುತ್ತಾರೆ. ಆದರೆ ಸವೆದ ಶೂ ಪಾದಕ್ಕೆ ಆಸರೆ ಕೊಡುವುದಿಲ್ಲ, ಅದರಲ್ಲಿ ತುದಿಗಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲಿಸಬೇಡಿ.

ದಪ್ಪನೆಯ ರಬ್ಬರ್ ಮ್ಯಾಟ್ ಒಂದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗಿ. ಅವಳು ಇಳಿಯುವ ಜಾಗದಲ್ಲಿ ಜಾರದಂತೆ ಹಾಸಿ, ಚೌಕಟ್ಟಿನಿಂದ ಆಚೆ ಇಡಿ. ಮೈ ಬಿಸಿಯಾಗುವವರೆಗೆ ಹಾರಲು ಹೇಳಬೇಡಿ, ಡಿಸೆಂಬರ್ ಬೆಳಗಿನಲ್ಲಂತೂ ಖಂಡಿತ ಬೇಡ. ಮ್ಯಾಟ್ ಸಿಗಲಿಲ್ಲವೋ, ಅವತ್ತಿಗೆ ಹಾರಾಟ ಕೈಬಿಡಿ. ಬಸ್ ಸ್ಟ್ಯಾಂಡಿನ ಕಂಬ ಹಿಡಿದು ಒಂದು ಕಾಲು ಹಿಂದಕ್ಕೆ ಚಾಚಿ ನಿಲ್ಲುವ ಅರಾಬೆಸ್ಕ್ ತೆಗೆಯಿರಿ. ಅದಕ್ಕೆ 1/125 ಸಾಕು, ನಿಮ್ಮ ಹಳೇ ಕ್ಯಾಮೆರಾವೂ ಸಾಕು.